ಕಪ್ಪಲ್ ಪುಡಿ

ಎಂಬತ್ತರ ದಶಕದ ಮಾತು. ನಾನಾಗ ಮದರಾಸಿನ ವಿಮಾ ಕಚೇರಿಯೊಂದರಲ್ಲಿ ಗುಮಾಸ್ತ. ಭಾನುವಾರ ಬಂತೆಂದರೆ, ನೂರು ವರ್ಷದ ಹಿಂದೆ, ಸಮುದ್ರ ದಾಟಿದರೆ ಜಾತಿ ಕೆಡುತ್ತದೆ ಎನ್ನುತ್ತಿದ್ದ ಕಾಲದಲ್ಲಿ, ಇಂಗ್ಲೆಂಡಿಗೆ ಹೋಗಿ ಸಂಸ್ಕೃತ ಕಲಿಸಿ ಬಂದಿದ್ದ ಪಂಡಿತರೊಬ್ಬರ ಜಾಡು ಹಿಡಿದು ಅಲೆಯುತ್ತಿದ್ದೆ. ಅಡ್ಯಾರಿನ ಒಂದು ಮನೆಯವರು ಅವರದೇ ವಂಶ ಅಂತ ನನಗೆ ಖಾತ್ರಿಯಿತ್ತು. ಯಜಮಾನ ರಾಯರು ಮಾತ್ರ ವಂಶವೃಕ್ಷದ ಹಾಳೆ ಬಿಚ್ಚಿ, "ಸಮುದ್ರ ದಾಟಿದೋರು ನಮ್ಮಲ್ಲಿ ಯಾರೂ ಇಲ್ಲ ಸ್ವಾಮಿ, ನೀವೇ ನೋಡಿ," ಎಂದು ಮೂರನೇ ಸಲವೂ ಸಾಗಹಾಕಿದರು. ಆದರೆ ಊಟದ ಹೊತ್ತು, ಉಣ್ಣದೆ ಏಳಲು ಬಿಡಲಿಲ್ಲ.

ಅವರ ಹೆಂಡತಿ ಬಿಸಿ ಅನ್ನಕ್ಕೆ ಏನೋ ಪುಡಿ ಬಡಿಸಿದರು. ಅಂಥ ರುಚಿ ನಾನು ಕಂಡಿರಲಿಲ್ಲ. ಯಾವ ಪುಡಿಯಮ್ಮ ಎಂದೆ.

"ಕಪ್ಪಲ್ ಪುಡಿ. ನಮ್ಮತ್ತೆ, ಅವರತ್ತೆ ಎಲ್ಲ ಹಾಗೇ ಅನ್ನೋರು. ಎಷ್ಟು ತಿಂಗಳಿಟ್ರೂ ಕೆಡಲ್ಲ."

ಕಪ್ಪಲ್ ಅಂದರೆ ತಮಿಳಲ್ಲಿ ಹಡಗು. "ಹಡಗೇ ಹತ್ತದ ಮನೇಲಿ ಹಡಗಿನ ಪುಡಿ ಯಾಕಮ್ಮ?"

ಆಕೆ ಒಳಗಿಂದ ಪುಡಿಯ ಅಳತೆ ಬರೆದಿದ್ದ ಹಳೇ ಕಾಗದ ತಂದರು. ಮಗುಚಿ ನೋಡಿದರೆ ಹಿಂಬದಿಯಲ್ಲೊಂದು ಪತ್ರ. "ಅಮ್ಮನಿಗೆ ನಮಸ್ಕಾರ. ಲಂಡನ್ ಸೇರಿದೆ. ಪುಡಿ ಮುಗಿಯಿತು, ಇನ್ನಷ್ಟು ಕಳಿಸು." ಕೆಳಗೆ ನನ್ನ ಪಂಡಿತರ ರುಜು! ಎಂಜಲು ಕೈ ಎತ್ತಿ ಕೂಗಿಬಿಟ್ಟೆ.

ರಾಯರು ತಮ್ಮ ಪಾಡಿಗೆ ಅನ್ನ ಕಲಸುತ್ತಲೇ ಇದ್ದರು. ಆಕೆ ಡಬ್ಬಿಯ ಮುಚ್ಚಳ ಹಾಕಿ, "ಏನೂಂದ್ರೆ, ವಂಶವೃಕ್ಷದಲ್ಲಿ ಆ ಹೆಸರು ಬರೆಯೋ ತನಕ ಇದನ್ನ ತೆಗೆಯಲ್ಲ," ಎಂದರು.

ರಾಯರ ಬಲಗೈ ಅನ್ನದಲ್ಲಿತ್ತು. ಆಕೆ ಹಾಳೆ ಹಿಡಿದರು, ಇವರು ಎಡಗೈಯಲ್ಲೇ ಬರೆದರು. ಮುತ್ತಿನಂಥ ಅಕ್ಷರಗಳ ಆ ವಂಶವೃಕ್ಷದಲ್ಲಿ, ಸಮುದ್ರ ದಾಟಿದವರ ಹೆಸರೊಂದೇ ಇವತ್ತಿಗೂ ಅಲೆಯ ಮೇಲೆ ಓಲಾಡುತ್ತಿದೆ.