ಸೋಮವಾರ ಸುಲಿದ ನೀಲಗಿರಿ

ನಾಲ್ಕನೇ ಇಯತ್ತೆಗೆ ಸಾಲಿ ಬಿಟ್ಟವನು ನಾನು. ಆದರೆ ನೀಲಗಿರಿಯ ತೊಗಟೆ ಸುಲಿಯುವುದರಲ್ಲಿ ನಮ್ಮ ತಂಡವನ್ನು ಮೀರಿಸುವವರು ಮುದ್ದೇಬಿಹಾಳದಿಂದ ಇಂಡಿಯವರೆಗೆ ಇರಲಿಲ್ಲ. ಇದನ್ನು ಜಂಬಕ್ಕೆ ಹೇಳುತ್ತಿಲ್ಲ; ಹೇಳಿದರೂ ತಪ್ಪೇನಿಲ್ಲ. ಹೊಲಗಳಲ್ಲಿ ಬೆಳೆಸಿದ ಗಿಡ ಕಡಿದು, ಸುಲಿದು, ಲಾರಿಗೆ ಹೇರುವುದು ನಮ್ಮ ಕೆಲಸ. ದೂರದ ಹೊಳೆದಂಡೆಯ ಕಾರ್ಖಾನೆಯಲ್ಲಿ ಆ ಕಟ್ಟಿಗೆಯನ್ನು ಬೇಯಿಸಿ, ಹತ್ತಿಯಂಥ ತಿರುಳು ಮಾಡಿ, ಅದರಿಂದ ಬಟ್ಟೆಯ ನೂಲು ತೆಗೆಯುತ್ತಿದ್ದರು.

ಎರಡು ಸಾವಿರದ ಇಸವಿ ದಾಟಿದ ಮೇಲೆ ಒಂದು ಬೇಸಿಗೆಯಲ್ಲಿ ನಮ್ಮ ಲಾರಿಯೊಂದು ಹೇರಿದ ಹಾಗೆಯೇ ತಿರುಗಿ ಬಂತು. ಹಿಂದೆಯೇ ಕಾರ್ಖಾನೆಯ ಏಜೆಂಟರು ಬಂದರು. ಚೀಲದಿಂದ ರಟ್ಟಿನಂಥ ದಪ್ಪ ಬಿಳಿ ಹಾಳೆ ತೆಗೆದು ಬಿಸಿಲಿಗೆ ಹಿಡಿದರು. ಅದು ಬೇಯಿಸಿ ಒಣಗಿಸಿದ ತಿರುಳು. ನಡುವೆ ಎಳ್ಳಿನಷ್ಟು ಕಂದು ಚುಕ್ಕೆ.

“ಇದು ನಿಮ್ಮ ತೊಗಟಿ ನೋಡ್ರಿ. ಮೊದಲ ಕ್ಲೋರಿನ್ ಹಾಕ್ತಿದ್ವಿ, ಇಂಥಾವೂ ಬೆಳ್ಳಗ ಆಗ್ತಿದ್ದವು. ಆ ನೀರು ಹೊಳಿಗೆ ವಿಷ ಅಂತ ಬಂದ್ ಮಾಡೇವಿ. ಈಗ ಬರೇ ಆಕ್ಸಿಜನ್, ಪೆರಾಕ್ಸೈಡ್. ಅವು ತಿರುಳು ಬೆಳ್ಳಗ ಮಾಡ್ತಾವು, ತೊಗಟಿ ಹಂಗ ಉಳೀತೈತಿ. ನೂಲು ಅಲ್ಲೇ ಹರೀತೈತಿ.”

“ಕನ್ಯಾ ನೋಡಾಕ ಬಂದವರೂ ನನ್ನ ಮಾರಿ ಮ್ಯಾಲ ಇಷ್ಟು ಚುಕ್ಕಿ ಹುಡುಕಿರಲಿಲ್ರಿ” ಎಂದಳು ನನ್ನ ಹೆಂಡತಿ.

ಏಜೆಂಟರು ನಗಲಿಲ್ಲ. “ಇನ್ನೊಮ್ಮೆ ಕೆಟ್ಟರ, ಕೆಲಸ ಸಿಂದಗಿ ತಂಡಕ್ಕ” ಎಂದು ಮೋಟರ್‌ಸೈಕಲ್ ಚಾಲೂ ಮಾಡಿದರು.

ಈ ಕೆಲಸ ಹೋದರೆ ದುಡಿಯಲು ಗೋವಾಕ್ಕೆ ಹೋಗಬೇಕು, ಮಗಳ ಸಾಲಿ ಬಿಡಿಸಬೇಕು. ನಮ್ಮ ಮನೆಯಲ್ಲಿ ನಾನೊಬ್ಬ ಸಾಲಿ ಬಿಟ್ಟದ್ದು ಸಾಕಾಗಿತ್ತು.

ಮುಂದಿನ ಕಡಿತ ಹೂವಿನ ಹಿಪ್ಪರಗಿಯ ಹತ್ತಿರ. ಹಸಿ ಇದ್ದಾಗ ನೀಲಗಿರಿಯ ತೊಗಟೆ ಬಾಳೆಹಣ್ಣಿನ ಸಿಪ್ಪೆಯಂತೆ ಬರುತ್ತದೆ. ಬಿಸಿಲು ಬಡಿದರೆ ಕಟ್ಟಿಗೆಗೆ ಕಚ್ಚಿಕೊಳ್ಳುತ್ತದೆ. ಹೊಲದಲ್ಲೇ ಸುಲಿದರೆ ಹಸಿ ಮೈಗೆ ಎರೆಮಣ್ಣು ಮೆತ್ತುತ್ತದೆ. ಸುಲಿಯಲು ಬೇಕಾದ ಹಾಸುಗಲ್ಲು ಇದ್ದದ್ದು ಹೊಲದ ಆಚೆ ತುದಿಯಲ್ಲಿ, ಬಾವಿಯ ಪಕ್ಕ. ರವಿವಾರ ಸಂಜೆಯವರೆಗೆ ಕಡಿದೆವು. ಮರುದಿನ ಮುಂಜಾನೆ ಅವನ್ನು ಬಾವಿಗೆ ಸಾಗಿಸಲು ಬರಬೇಕಿದ್ದ ಮನಗೂಳಿಯ ಟ್ರ್ಯಾಕ್ಟರ್ ಕೈಕೊಟ್ಟಿತು. ಬಿಸಿಲೇರುತ್ತಿತ್ತು. ಹೊಲದ ಯಜಮಾನರ ಮನೆಗೆ ಓಡಿದೆ.

“ಎತ್ತು ಕೊಡ್ರಿ ಯಜಮಾನ್ರ, ಹೊತ್ತೇರೂದ್ರಾಗ ಬಿಡ್ತೇನಿ.”

“ಇವತ್ತ ಸೋಮಾರ ಐತೋ ತಮ್ಮಾ.”

ಸೋಮವಾರ ಬಸವಣ್ಣನ ವಾರ. ನಮ್ಮ ಕಡೆ ಅಂದು ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ನನ್ನ ಎತ್ತಾಗಿದ್ದರೆ ನಾನೂ ಕೊಡುತ್ತಿರಲಿಲ್ಲ. ಗೊತ್ತಿದ್ದೂ ಕೇಳಿದ್ದೆ; ಅಂಥ ಹೊತ್ತು ಬಂದಿತ್ತು.

“ಬಂಡಿಯರ ಕೊಡ್ರಿ.”

“ಎಳಿಯವ್ರು ಯಾರು?”

“ನಮಗ ಸೋಮಾರ ಇಲ್ಲಲ್ರಿ.”

ಅವರು ಬಂಡಿಯತ್ತ ಕೈ ತೋರಿಸಿದರು.

ನೊಗಕ್ಕೆ ಒಂದು ಕಡೆ ನಾನು, ಇನ್ನೊಂದು ಕಡೆ ನನ್ನ ಹೆಂಡತಿಯ ತಮ್ಮ ಹೆಗಲು ಕೊಟ್ಟೆವು. ಹೆಂಗಸರು ಹಿಂದಿನಿಂದ ದೂಡಿದರು. ಬಿರಿದ ಎರೆಯಲ್ಲಿ ಗಾಲಿ ಸಿಕ್ಕಾಗಲೆಲ್ಲ ನೊಗ ಕತ್ತಿಗೆ ಬಂದು ಬಡಿಯುತ್ತಿತ್ತು. ದಾರಿಯಲ್ಲಿ ಹೋಗುವ ಒಬ್ಬ, ಸಂತೆಯಲ್ಲಿ ಎತ್ತಿನ ವಯಸ್ಸು ವಿಚಾರಿಸುವವನಂತೆ, “ಹಲ್ಲು ಕೂಡಿದಾವೇನೋ ಜೋಡಿ?” ಎಂದು ಕೇಳಿದ.

ಮಧ್ಯಾಹ್ನಕ್ಕೆ ಅರ್ಧ ಕಟ್ಟಿಗೆಯಷ್ಟೇ ಬಾವಿ ಮುಟ್ಟಿ ಸುಲಿದಾಗಿತ್ತು. ಹೊಲದಲ್ಲಿ ಉಳಿದದ್ದರ ತೊಗಟೆ ಕಚ್ಚಿಬಿಟ್ಟಿತ್ತು. ಕುಡುಗೋಲಿನಿಂದ ಕೆರೆದೆವು, ಕೊಡಲಿಯ ಬಾಯಿಂದ ಹೆರೆದೆವು. ನಾರು ನಾರಾಗಿ ಕಂದು ಉಳಿದೇ ಉಳಿಯಿತು. ಹೆಂಡತಿ ಉಗುರು ಹಾಕಿ ಕೀಳುತ್ತಿದ್ದಳು. ಬೆರಳಿನ ರಕ್ತ ಬಿಳಿ ಕಟ್ಟಿಗೆಗೆ ಹತ್ತಿದ್ದನ್ನು ನೋಡಿ, ಸೆರಗಿನಿಂದ ಅದನ್ನೂ ಒರೆಸಿದಳು.

“ಮಾವ, ಇವನ್ನ ತಳಕ್ಕ ಹೇರಿಬಿಡೂಣು. ಯಾರ ನೋಡ್ತಾರ?” ಎಂದ ಅವಳ ತಮ್ಮ.

“ನೂಲು ನೋಡ್ತೈತಿ” ಎಂದೆ.

ಲಾರಿ ಅರ್ಧ ಖಾಲಿ ಹೋಯಿತು.

ಕೆಲವು ದಿನಗಳಾದ ಮೇಲೆ ಏಜೆಂಟರು ಬಂದು, “ಮಾಲು ಚಲೋ ಇತ್ತು. ಒಂದೂ ಚುಕ್ಕಿ ಇರಲಿಲ್ಲ” ಎಂದರು. ಚಹಾ ಕುಡಿದು ಮುಗಿಸಿದ ಮೇಲೆ, “ಆದ್ರ ಅರ್ಧ ಲಾರಿ ಕಳಿಸಿದ್ರ ಕಾರ್ಖಾನಿ ನಡಿಯಂಗಿಲ್ಲ. ಸಿಂದಗಿಯವರಿಗೆ ಹೇಳಾಗೇತಿ” ಎಂದರು. ನಾನು ಬೇಡಿಕೊಳ್ಳಬಹುದಿತ್ತು. ಅವರ ಚಹಾದ ಕಪ್ಪು ಎತ್ತಿಕೊಂಡು ಒಳಗೆ ಹೋದೆ.

ತೊಗಟೆ ಕಚ್ಚಿದ ಕಟ್ಟಿಗೆ ನಮ್ಮ ಒಲೆಗೆ ಬಂತು. ರೊಟ್ಟಿಗೂ ನೀಲಗಿರಿಯ ವಾಸನೆ. ಗೋವಾದ ಬಸ್ಸಿಗೆ ಕಟ್ಟಿದ ಬುತ್ತಿಯಲ್ಲೂ ಅವೇ ರೊಟ್ಟಿ. ಮಗಳು ಸಾಲಿಯ ಪಾಟಿಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಅದನ್ನು ಮೇಲೆ ಗಂಟುಗಳ ಜೊತೆ ಇಡು ಎಂದು ಕಂಡಕ್ಟರ್ ಹೇಳಿದ. ನಾನು ಕಿಟಕಿಯ ಆಚೆ ನೋಡುತ್ತ ಕೂತೆ.