ಅಣ್ಣಿ ಹಿಡಿದ ಬಲೆ

ಗುರುವಾರ ಬೆಳಿಗ್ಗೆ ಮನೆಗೆ ಬೀಗ ಹಾಕಿ, ಕೀಲಿಕೈಯನ್ನು ಯಾರ ಹತ್ತಿರ ಕೊಡುವುದೆಂದು ಸ್ವಲ್ಪ ಹೊತ್ತು ಯೋಚಿಸಿ, ಕೊನೆಗೆ ನನ್ನ ಕಿಸೆಯಲ್ಲೇ ಇಟ್ಟುಕೊಂಡು ಹೊರಟೆ. ವಿಮಾನ ನಿಲ್ದಾಣಕ್ಕೆ ಹೋಗುವ ರಿಕ್ಷಾವನ್ನು ಉರ್ವ ಮಾರುಕಟ್ಟೆಯ ಮುಂದೆ ಎರಡು ನಿಮಿಷ ನಿಲ್ಲಿಸಿದೆ. ಇಪ್ಪತ್ತು ವರ್ಷಗಳಿಂದ ನನಗೆ ಮೀನು ಕೊಡುವ ಜಲಜಕ್ಕನಿಗೆ ಹೇಳಿ ಹೋಗಬೇಕಿತ್ತು. ಹೇಳಿ ಹೋಗಲು ಬೇರೆ ಯಾರೂ ಇರಲಿಲ್ಲ ಎಂಬುದೂ ನಿಜ.

ಜಲಜಕ್ಕ ಬುಟ್ಟಿಯ ಹಿಂದಿನಿಂದಲೇ ಒಂದು ಕೆಲಸ ಒಪ್ಪಿಸಿದರು. "ಅಣ್ಣಿಯ ಅಪ್ಪ ಎಂತ ಬಲೆ ಹಾಕ್ತಿದ್ದದ್ದು, ಕೇಳಿಕೊಂಡು ಬನ್ನಿ ಮಾರಾಯ್ರೆ. ಕೈರಂಪಣಿಯಾ, ಬೀಸುಬಲೆಯಾ? ನಮ್ಮವರು ಬೋಟಿನಲ್ಲಿ ಪಂಥ ಕಟ್ಟಿದ್ದಾರೆ."

ಅಣ್ಣಿ ಎಂದರೆ ಅನಿಸೆತೊ, ಪರಾಗ್ವೆ ದೇಶದ ಫುಟ್ಬಾಲ್ ಸ್ಟ್ರೈಕರ್. ಮಂಗಳೂರಿನ ಒಂದು ಸಂಜೆ ಪತ್ರಿಕೆಯಲ್ಲಿ ಕರಡು ತಿದ್ದುತ್ತಿದ್ದ ನಾನು ಹನ್ನೆರಡು ವರ್ಷ ಅವನ ಬಗ್ಗೆ ಅಂಕಣ ಬರೆದವನು. ಗೋಲು ಹೊಡೆದ ಮೇಲೆ ಅವನು ಕುಣಿಯುವುದಿಲ್ಲ, ಅಂಗಿ ಬಿಚ್ಚುವುದಿಲ್ಲ. ಗೋಲಿನ ಬಲೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ತಲೆ ತಗ್ಗಿಸಿ ನಿಲ್ಲುತ್ತಾನೆ. ಯಾಕೆ ಎಂದು ಎಲ್ಲಿಯೂ ಸಿಗಲಿಲ್ಲ. ಅಂಕಣ ತುಂಬಿಸಬೇಕಿತ್ತು, ಹಾಗಾಗಿ ನಾನೇ ಬರೆದೆ: ಅವನು ಮೀನುಗಾರನ ಮಗ, ಬಲೆ ಕಂಡರೆ ಅಪ್ಪನ ನೆನಪು. ಆಮೇಲೆ ಭೂಪಟ ನೋಡಿದರೆ ಪರಾಗ್ವೆಗೆ ಸಮುದ್ರವೇ ಇಲ್ಲ! ಮುಂದಿನ ವಾರ ಏನೂ ಆಗದವನಂತೆ ‘ನದಿ ಮೀನುಗಾರ’ ಎಂದು ತಿದ್ದಿದೆ. ಅಷ್ಟರಲ್ಲಿ ಬೋಟುಗಳು ನಿಲ್ಲುವ ಮೀನುಗಾರಿಕೆ ದಕ್ಕೆಯವರು ಅವನನ್ನು ತಮ್ಮ ಜಾತಿಗೆ ಸೇರಿಸಿಕೊಂಡು, ಅಣ್ಣಿ ಎಂದು ಹೆಸರಿಟ್ಟು, ಬೋಟಿನ ಕ್ಯಾಬಿನಿನಲ್ಲಿ ಅವನ ಚಿತ್ರ ಅಂಟಿಸಿ ಆಗಿತ್ತು. ಈಗ ಅವನಿಗೆ ಮೂವತ್ತಾರು. ಈ ಭಾನುವಾರ ಸ್ಪೇನಿನಲ್ಲಿ ಅವನ ಕೊನೆಯ ಆಟ. ನಾನು ಬರೆದದ್ದು ನಿಜವೋ ಸುಳ್ಳೋ ಎಂದು ಕೇಳಲು ನನಗೆ ಉಳಿದದ್ದು ಈ ಒಂದೇ ಅವಕಾಶ.

ದುಬೈಯಲ್ಲಿ ವಿಮಾನ ಬದಲಿಸಿ ಮ್ಯಾಡ್ರಿಡ್ ತಲುಪಿದೆ. ಶುಕ್ರವಾರ ಅಲ್ಲಿಂದ ಉತ್ತರದ ಬಂದರು ಊರಿಗೆ ಬಸ್ಸು ಹಿಡಿದೆ; ಮೂವತ್ತು ಯೂರೋ ಚಿಲ್ಲರೆ, ಆರು ಗಂಟೆಯ ದಾರಿ. ಬಸ್ಸಿನಲ್ಲಿ ಯಾರೂ ಯಾರೊಡನೆಯೂ ಮಾತಾಡಲಿಲ್ಲ. ನಮ್ಮ ಸಿಟಿ ಬಸ್ಸಿನ ಕಂಡಕ್ಟರ್ ಬೆನ್ನಿಗೆ ತಟ್ಟಿ ‘ಎದುರು ಹೋಗಿ, ಎದುರು ಹೋಗಿ’ ಎಂದು ತಳ್ಳುವುದು ನೆನಪಾಗಿ, ಅದೂ ಒಂದು ಸುಖವೇ ಅನಿಸಿತು. ಮಂಗಳೂರಿನ ಮೇ ತಿಂಗಳ ಬೆವರಿನಿಂದ ಬಂದವನಿಗೆ ಅಲ್ಲಿಯ ಸೋನೆಮಳೆ ಮೂಳೆಗೆ ಇಳಿಯಿತು. ಸಂಜೆ ಒಂದು ಹೋಟೆಲಿನಲ್ಲಿ ಕೆಂಡದ ಮೇಲೆ ಸುಟ್ಟ ಮೀನು ತಂದಿಟ್ಟರು. ನೋಡಿದರೆ ನಮ್ಮ ಬೂತಾಯಿ! ಉಪ್ಪು ಮಾತ್ರ ಹಾಕಿದ್ದರು. ಖಾರವಿಲ್ಲದ ಬೂತಾಯಿಯನ್ನು ಒಬ್ಬನೇ ಕುಳಿತು ತಿನ್ನುವುದಕ್ಕಿಂತ ಉಪವಾಸ ಮೇಲು. ಆದರೂ ತಿಂದೆ.

ಶನಿವಾರ ಬೆಳಿಗ್ಗೆ ಅಭ್ಯಾಸದ ಮೈದಾನ ಹುಡುಕಿಕೊಂಡು ಹೋದೆ. ಗೇಟಿನ ಬಳಿ ಹಗ್ಗ ಕಟ್ಟಿದ್ದರು. ಇಪ್ಪತ್ತು ಮೂವತ್ತು ಮಂದಿ ಸಹಿಗಾಗಿ ನಿಂತಿದ್ದರು. ಅಣ್ಣಿ ಬಂದ. ಟಿ.ವಿ.ಯಲ್ಲಿ ಕಾಣುವುದಕ್ಕಿಂತ ಕುಳ್ಳ, ಕಿವಿಯ ಮೇಲೆ ನರೆ, ಎಡಗಾಲು ಸ್ವಲ್ಪ ಎಳೆಯುತ್ತಿದ್ದ. ನನ್ನ ಸರದಿ ಬಂದಾಗ ಅಂಕಣದ ತುಣುಕನ್ನು ಮುಂದೆ ಚಾಚಿದೆ. ಕನ್ನಡ ಅಕ್ಷರದ ನಡುವೆ ತನ್ನ ಮುಖ ಕಂಡು ಅವನು ನಕ್ಕ, ಸಹಿ ಹಾಕಿದ. ನಾನು ಪ್ರಶ್ನೆ ಕೇಳುವ ಮೊದಲೇ ಮುಂದಿನವರ ಕಡೆ ಸರಿದ. ಅವನು ನಮ್ಮೆಲ್ಲರ ಕಡೆ ಕೈ ಬೀಸಿ "ಬಲೆ, ಬಲೆ" ಎಂದು ಹೇಳಿ ಕಟ್ಟಡದೊಳಕ್ಕೆ ತಿರುಗಿದ.

ಅಲ್ಲಿಯ ಭಾಷೆಯಲ್ಲಿ ಆ ಮಾತಿಗೆ ‘ಸರಿ, ಆಯಿತು’ ಎಂದರ್ಥವೆಂದು ನನಗೆ ಗೊತ್ತಾದದ್ದು ಆಮೇಲೆ. ನನ್ನ ತುಳು ಕಿವಿಗೆ ಗೊತ್ತಿದ್ದದ್ದು ಒಂದೇ. ಬಲೆ ಎಂದರೆ ಬನ್ನಿ. ಮನೆಬಾಗಿಲಲ್ಲಿ ಯಾರನ್ನು ಕಂಡರೂ ನಮ್ಮವರು ಮೊದಲು ಹೇಳುವ ಮಾತು ಅದು. ನನಗೆ ಯಾರಾದರೂ ಹಾಗೆ ಹೇಳಿ ಎಷ್ಟು ವರ್ಷವಾಗಿತ್ತೋ! ಹಿಂದೆಮುಂದೆ ನೋಡದೆ ಹಗ್ಗದಡಿ ನುಸುಳಿದೆ. ಬಾಗಿಲ ಬಳಿ ಶೂ ಬಿಚ್ಚಿ ಬದಿಗಿಟ್ಟೆ. ಬನ್ನಿ ಎಂದು ಕರೆದವರಲ್ಲಿಗೆ ಚಪ್ಪಲಿ ಹಾಕಿಕೊಂಡು ಹೋಗುವುದುಂಟೇ? ಕಾಲುಚೀಲದಲ್ಲಿ ನಾಲ್ಕು ಹೆಜ್ಜೆ ಇಟ್ಟಿದ್ದೆನೋ ಇಲ್ಲವೋ, ಕಾವಲುಗಾರನೊಬ್ಬ ನನ್ನ ತೋಳು ಹಿಡಿದ.

ಗಲಾಟೆ ಕೇಳಿ ಅಣ್ಣಿ ತಿರುಗಿದ. ನನ್ನನ್ನು ನೋಡಿದ, ನನ್ನ ಕಾಲನ್ನು ನೋಡಿದ, ಬಾಗಿಲಾಚೆ ಒಪ್ಪವಾಗಿಟ್ಟ ಶೂಗಳನ್ನು ನೋಡಿದ. ಏನನಿಸಿತೋ, ಕಾವಲುಗಾರನಿಗೆ ಬಿಡಲು ಹೇಳಿದ. ಇಂಗ್ಲೆಂಡಿನಲ್ಲಿ ಎರಡು ವರ್ಷ ಆಡಿದ್ದರಿಂದ ಅವನಿಗೆ ಹರಕುಮುರುಕು ಇಂಗ್ಲಿಷ್ ಬರುತ್ತಿತ್ತು. ನನ್ನದೂ ಅಷ್ಟೇ, ಸರಿಹೋಯಿತು. ನನ್ನ ಭಾಷೆಯಲ್ಲಿ ಆ ಪದಕ್ಕೆ ಬನ್ನಿ ಎಂದು ಅರ್ಥ ಎಂದೆ. ಅವನು ನಗಲಿಲ್ಲ. ತನ್ನ ಮನೆಯ ಮಾತೂ ಸ್ಪ್ಯಾನಿಷ್ ಅಲ್ಲ, ಗ್ವಾರಾನಿ. ಅದರಲ್ಲಿ ‘ಎಜು’ ಎಂದರೆ ಬಾ, ತಾಯಿ ಫೋನಿನಲ್ಲಿ ಹೇಳುವುದು ಅದೊಂದನ್ನೇ ಎಂದು ತಿಳಿಸಿದ.

ಗೋಡೆಬದಿಯ ಬೆಂಚಿನಲ್ಲಿ ಕುಳಿತೆವು. ಇನ್ನು ತಡಮಾಡಿದರೆ ಆಗದೆಂದು ಕೇಳಿಯೇ ಬಿಟ್ಟೆ. ಅವನ ಅಪ್ಪ ಬಸ್ ಡ್ರೈವರ್. ಮೀನು ಹಿಡಿಯುವುದಿರಲಿ, ಮುಟ್ಟುವುದಕ್ಕೂ ಹೇಸುತ್ತಿದ್ದನಂತೆ. ನನ್ನ ಹನ್ನೆರಡು ವರ್ಷದ ಅಂಕಣ ಅಲ್ಲೇ ನೀರುಪಾಲಾಯಿತು.

ಹಾಗಾದರೆ ಬಲೆ ಯಾಕೆ ಹಿಡಿಯುತ್ತೀರಿ ಎಂದೆ. ಅವನು ತನ್ನ ಅಂಗೈಗಳನ್ನು ನೋಡಿಕೊಂಡ. ಹತ್ತೊಂಬತ್ತನೆಯ ವಯಸ್ಸಿಗೆ ಬೆಲ್ಜಿಯಂಗೆ ಬಂದಿದ್ದನಂತೆ. ಹಿಮ ಬೀಳುವ ಊರು, ಒಬ್ಬರ ಮಾತೂ ಅರ್ಥವಾಗುತ್ತಿರಲಿಲ್ಲ. ಐದನೆಯ ಆಟದಲ್ಲಿ ಮೊದಲ ಗೋಲು.

"ಗೋಲು ಹೊಡೆದು ತಿರುಗಿ ನೋಡಿದೆ. ಅಪ್ಪಿಕೊಳ್ಳಲು ಯಾರೂ ಬರಲಿಲ್ಲ. ಎಲ್ಲರೂ ನೋಡುತ್ತಿದ್ದರು. ಕೈ ಎಲ್ಲಿಡುವುದೆಂದು ಗೊತ್ತಾಗಲಿಲ್ಲ. ಬಲೆ ಹತ್ತಿರ ಇತ್ತು, ಹಿಡಿದುಕೊಂಡೆ."

ಆಮೇಲೆ ಇಟಲಿ, ಇಂಗ್ಲೆಂಡ್, ಸ್ಪೇನ್. ಅಪ್ಪಿಕೊಳ್ಳಲು ಜನ ಬರತೊಡಗಿದರು. ಕೈ ಮಾತ್ರ ಮೊದಲು ಬಲೆಗೇ ಹೋಗುತ್ತದೆ ಎಂದ. ಅಷ್ಟರಲ್ಲಿ ಒಳಗಿನಿಂದ ಕರೆ ಬಂತು. ಅವನು ಎದ್ದು ಹೋದ. ನಾನು ಶೂ ಹಾಕಿಕೊಂಡೆ. ಲೇಸು ಕಟ್ಟುವಷ್ಟರಲ್ಲಿ ಕಣ್ಣು ಮಂಜಾಯಿತು.

ಭಾನುವಾರ ಮಧ್ಯಾಹ್ನ ಕ್ರೀಡಾಂಗಣ ತುಂಬಿತ್ತು. ಕೊನೆಯ ಎಂಟು ನಿಮಿಷಕ್ಕೆ ಅಣ್ಣಿಯನ್ನು ಮೈದಾನಕ್ಕೆ ಇಳಿಸಿದರು. ಚೆಂಡು ಎರಡೇ ಸಲ ಕಾಲಿಗೆ ಸಿಕ್ಕಿತು. ಗೋಲಾಗಲಿಲ್ಲ. ಸೀಟಿ ಊದಿದ ಮೇಲೆ ಅವನು ಒಬ್ಬನೇ ಖಾಲಿ ಗೋಲಿನ ಕಡೆ ನಡೆದು ಬಲೆ ಹಿಡಿದು ನಿಂತ. ಒಂದು ಗಳಿಗೆ ಮಾತ್ರ. ಇಡೀ ತಂಡ ಓಡಿ ಹೋಗಿ ಅವನನ್ನು ಮುಚ್ಚಿಬಿಟ್ಟಿತು. ನನ್ನ ಸುತ್ತಲಿನ ಸಾವಿರಾರು ಮಂದಿ ಒಬ್ಬರನ್ನೊಬ್ಬರು ತಬ್ಬಿಕೊಂಡು ಅಳುತ್ತಿದ್ದರು. ನಾನು ಮುಂದಿನ ಸಾಲಿನ ಕುರ್ಚಿಯ ಬೆನ್ನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದೇನೆ ಎಂಬುದು ಎಷ್ಟೋ ಹೊತ್ತಿನ ಮೇಲೆ ಗಮನಕ್ಕೆ ಬಂತು.

ಬುಧವಾರ ಮಂಗಳೂರಿನಲ್ಲಿ ಇಳಿದೆ. ಮೂರು ದಿನ ಮಾರುಕಟ್ಟೆಯ ಕಡೆ ಹೋಗದೆ ಬರಿ ಗಂಜಿ ಉಪ್ಪಿನಕಾಯಿ ಉಂಡೆ. ಸುಳ್ಳು ಒಪ್ಪಿಕೊಳ್ಳುವುದು ಒಂದು ಕಷ್ಟ. ಆ ಸುಳ್ಳು ಹೋದರೆ ಜಲಜಕ್ಕ ನನ್ನ ಹತ್ತಿರ ಮಾತಾಡಲು ಏನೂ ಉಳಿಯುವುದಿಲ್ಲ ಎಂಬುದು ಇನ್ನೊಂದು. ಕೊನೆಗೆ ಶನಿವಾರ ಹೋಗಿ ಬುಟ್ಟಿಯ ಮುಂದೆ ನಿಂತು ಎಲ್ಲವನ್ನೂ ಹೇಳಿದೆ. ಬಸ್ ಡ್ರೈವರ್ ಅಪ್ಪನಿಂದ ಹಿಡಿದು ಶೂ ಬಿಚ್ಚಿದ್ದರವರೆಗೆ.

ಶೂ ಪ್ರಸಂಗಕ್ಕೆ ಅವರು ನಗುತ್ತಾರೆ ಎಂದುಕೊಂಡಿದ್ದೆ. ನಗಲಿಲ್ಲ. ಬೂತಾಯಿಯ ಮೇಲೆ ನೀರು ಚಿಮುಕಿಸಿದರು.

"ನಮ್ಮ ಯಜಮಾನರ ಬೋಟು ಬರುವುದು ತಡ ಆದ್ರೆ ನಾನೂ ಬಲೆ ಹಿಡ್ಕೊಂಡು ಕೂತ್ಕೊಳ್ತೇನೆ," ಎಂದರು. "ಹೊಲಿಯಲಿಕ್ಕೆ ಹರಿದದ್ದು ಎಂತದೂ ಇರುದಿಲ್ಲ. ಕೈಗೆ ಎಂತಾದ್ರೂ ಬೇಕಲ್ಲ. ನೀವು ಎಂತ ಹಿಡ್ಕೊಳ್ತೀರಿ?"

ಹನ್ನೆರಡು ವರ್ಷ ಅಣ್ಣಿಯನ್ನೇ ಹಿಡಿದುಕೊಂಡಿದ್ದೆ ಎಂದು ಹೇಳಬೇಕಿತ್ತು. ನಾಚಿಕೆಯಾಯಿತು. ಎಂಟು ಬೂತಾಯಿ ಕೊಡಿ ಎಂದೆ.

"ಒಬ್ಬರಿಗೆ ಎಂಟು ಎಂತಕ್ಕೆ?" ಎಂದು ಅವರು ಮೀನನ್ನು ಬುಟ್ಟಿಗೇ ವಾಪಸು ಹಾಕಿದರು. "ನಾಳೆ ಮಧ್ಯಾಹ್ನ ಇವರು ಮನೆಯಲ್ಲಿ ಇರ್ತಾರೆ. ಊಟಕ್ಕೆ ಬಲೆ."

ಮರುದಿನ ಹೋದೆ. ಅವರ ಹೊಸ್ತಿಲ ಬಳಿ ಚಪ್ಪಲಿ ಬಿಟ್ಟು ಒಳಗೆ ಕಾಲಿಟ್ಟೆ. ಯಾರೂ ನನ್ನ ತೋಳು ಹಿಡಿಯಲಿಲ್ಲ.