ಪಟ್ಟಿಯಲ್ಲಿಲ್ಲದ ಕಾರಣ

ಚಾಮರಾಜಪೇಟೆಯ ಐದನೇ ಮೇನ್‌ನಲ್ಲಿ ವಿಮೆ ಬೇಕಾದವರೂ ಬೇಡವಾದವರೂ ಶಿವಕುಮಾರಿಯನ್ನು ಬಲ್ಲರು. ಹನ್ನೆರಡು ವರ್ಷದಿಂದ ಒಂದೇ ಕಂಪನಿಯ ಏಜೆಂಟು. ಸಂಬಳವಿಲ್ಲ, ರಜೆಯಿಲ್ಲ. ಪಾಲಿಸಿಯಾದರೆ ಕಮಿಷನ್, ಆಗದಿದ್ದರೆ ಸ್ಕೂಟರಿನ ಪೆಟ್ರೋಲೂ ಕೈಯಿಂದಲೇ. ತರಗುಪೇಟೆಯ ಪಿಳ್ಳಮ್ಮನ ಗಂಡ ತೀರಿಕೊಂಡಾಗ ಮರಣಪತ್ರಕ್ಕೆ, ಪಾಸ್‌ಬುಕ್ಕಿನ ಜೆರಾಕ್ಸಿಗೆ, ಕೊನೆಗೆ ಹೆಸರಿನಲ್ಲಿ ತಪ್ಪಾಗಿದ್ದ ಒಂದೇ ಒಂದು ಅಕ್ಷರಕ್ಕೆ ಅಂತ ಆರು ಸಲ ಓಡಾಡಿದವಳು ಅವಳೇ. ಅದಕ್ಕೆ ಕಂಪನಿ ಕೊಟ್ಟದ್ದು ಏನೂ ಇಲ್ಲ. ಪಿಳ್ಳಮ್ಮ ಮಾತ್ರ ಎರಡು ಸೇರು ತೊಗರಿಬೇಳೆ ಕಟ್ಟಿಕೊಟ್ಟು, "ಮಗೀಗೆ ಸಾರು ಮಾಡ್ಹಾಕು" ಅಂದಿದ್ದಳು.

ಆ ಸೋಮವಾರ ಬೆಳಿಗ್ಗೆ ಮಗಳು ವಾಣಿಗೆ ಜಡೆ ಹಾಕುತ್ತಿದ್ದಾಗ ಮೊಬೈಲಿಗೆ ತಿಂಗಳ ಕಮಿಷನ್ ಪಟ್ಟಿ ಬಂತು. ಒಂಬತ್ತು ಸಾವಿರ ಚಿಲ್ಲರೆ ಬರಬೇಕಾಗಿತ್ತು. ಅಲ್ಲಿದ್ದದ್ದು ಮೈನಸ್. ಕೆಳಗೆ ಒಂದು ಸಾಲು: ಬದರೀನಾರಾಯಣ, ಪಾಲಿಸಿ ರದ್ದು, ಹನ್ನೆರಡು ಸಾವಿರ ವಸೂಲಿ. ಕಾರಣ, ಏಜೆಂಟರಿಂದ ತಪ್ಪು ಮಾಹಿತಿ.

"ಅಮ್ಮಾ, ಎಳೀಬೇಡ! ನೋಯತ್ತೆ!"

ಕೈ ತಾನಾಗಿ ಬಿಗಿದಿತ್ತು. ಶಿವಕುಮಾರಿ ಮಗುವಿನ ನೆತ್ತಿ ಸವರಿ, ಜಡೆ ಬಿಚ್ಚಿ ಮತ್ತೆ ಹಾಕಿದಳು. ಆ ಹನ್ನೆರಡು ಸಾವಿರ ಹೋದ ತಿಂಗಳೇ ಬಂದು, ವಾಣಿಯ ಸ್ಕೂಲಿನ ಎರಡನೇ ಕಂತಾಗಿ ಹೋಗಿಯೂ ಆಗಿತ್ತು. ದುಡ್ಡಿನ ಸಂಕಟ ಅವಳಿಗೆ ಹೊಸದಲ್ಲ. ಎದೆಯಲ್ಲಿ ಕುಟುಕಿದ್ದು ಆ ಎರಡು ಪದ. ತಪ್ಪು ಮಾಹಿತಿ. ಅಂದರೆ ಸುಳ್ಳು ಹೇಳಿ ಮಾರಿದಳು ಅಂತ. ಇನ್ನೊಂದು ಸಲ ಹೀಗೆ ಬಂದರೆ ವಿಚಾರಣೆ, ಆಮೇಲೆ ಏಜೆನ್ಸಿಯೇ ಹೋಗಬಹುದು.

ಪಾಲಿಸಿ ಕೈಗೆ ಬಂದ ಮೂವತ್ತು ದಿನದೊಳಗೆ ಬೇಡವೆನಿಸಿದರೆ ಯಾರು ಬೇಕಾದರೂ ವಾಪಸು ಕೊಡಬಹುದು. ಕೊಡಲಿ, ಅದು ನ್ಯಾಯ. ಕೊಟ್ಟರೆ ಏಜೆಂಟಿನ ಕಮಿಷನ್ನೂ ವಾಪಸು ಹೋಗುತ್ತದೆ. ಅದನ್ನೂ ಅವಳು ಇಷ್ಟು ವರ್ಷ ತಕರಾರಿಲ್ಲದೆ ಒಪ್ಪಿದ್ದಳು. ಆದರೆ ಬದರೀನಾರಾಯಣ ಮೇಷ್ಟ್ರು ಬೇಡ ಅನ್ನುವವರೇ? ನಿವೃತ್ತಿಯ ದುಡ್ಡಿನಲ್ಲಿ ಆರು ಲಕ್ಷ ಪಿಂಚಣಿ ಪಾಲಿಸಿಗೆ ಹಾಕುವ ಮುಂಚೆ ಮೂರು ಸಂಜೆ ಅವಳನ್ನು ಕೂರಿಸಿಕೊಂಡು, ಒಂದೊಂದು ಷರತ್ತನ್ನೂ ಕೆಂಪು ಪೆನ್ನಲ್ಲಿ ಗೆರೆ ಎಳೆದು ಓದಿದವರು.

ಬಸವನಗುಡಿಯ ಶಾಖೆಯಲ್ಲಿ ಮ್ಯಾನೇಜರ್ ಗೌರೀಶ ಕಂಪ್ಯೂಟರಿನಿಂದ ಕಣ್ಣು ತೆಗೆಯದೆ ಹೇಳಿದ. "ಕಸ್ಟಮರ್ರೇ ಬಂದು ಕ್ಯಾನ್ಸಲ್ ಮಾಡಿಸಿದಾರೆ ಮೇಡಂ. ರಸೀದೀಲಿ ಟೈಮು ರಾಹುಕಾಲದಲ್ಲಿ ಬಂದಿದೆಯಂತೆ. ಶುಕ್ರವಾರ, ಹತ್ತೂ ಐವತ್ತೆರಡು."

"ಹತ್ತೂವರೆ ಒಳಗೇ ಆಗ್ಬೇಕು ಅಂತ ಹೇಳಿ ಹತ್ತೂ ಹತ್ತಕ್ಕೆ ಚೆಕ್ ಸಮೇತ ಕೊಟ್ಟಿದ್ನಲ್ಲ ಸರ್! ನೀವು ಅಪ್ರೂವ್ ಮಾಡ್ಬೇಕಿತ್ತು. ಒಳಗೆ ಯಾರದೋ ಬರ್ತ್‌ಡೇ, ಕೇಕ್ ಕಟ್ ಮಾಡ್ತಾ ನಿಂತಿದ್ರಿ."

"ಹತ್ತು ನಿಮಿಷ ಆಚೆ ಈಚೆ ಆಗತ್ತಪ್ಪ."

"ನಲವತ್ತೆರಡು ನಿಮಿಷ. ಹೋಗ್ಲಿ, ತಪ್ಪು ಮಾಹಿತಿ ಅಂತ ಯಾಕೆ ಹಾಕಿದ್ರಿ?"

"ಸಿಸ್ಟಂನಲ್ಲಿ ಐದೇ ಕಾರಣ ಬರತ್ತೆ. ರಾಹುಕಾಲ ಅಂತ ಆಪ್ಷನ್ ಇಲ್ವಲ್ಲ ಮೇಡಂ!" ಅಂದು ಗೌರೀಶ ನಕ್ಕ. ಪಕ್ಕದ ಕೌಂಟರಿನವನೂ ನಕ್ಕ. "ಯಾವ್ದೋ ಒಂದು ಒತ್ತಿದಾರೆ. ಅದನ್ನೆಲ್ಲ ಮನಸ್ಸಿಗೆ ಹಚ್ಕೋಬೇಡಿ."

"ತಿದ್ದಿ ಹಾಗಾದ್ರೆ."

"ಒಂದ್ಸಲ ಒತ್ತಿದ್ಮೇಲೆ ನಮ್ ಕೈಲಿಲ್ಲ. ಸಿಸ್ಟಂ."

ಯಾವುದೋ ಒಂದು! ಮೆಟ್ಟಿಲಿಳಿಯುವಾಗ ಅವಳ ಕಿವಿ ಬಿಸಿಯಾಗಿತ್ತು. ಮತ್ತೆ ನಾಲ್ಕು ದಿನದಲ್ಲಿ ಮೂರು ಸಲ ಹೋದಳು. ಮೂರೂ ಸಲ ಅದೇ ಉತ್ತರ. ಶುಕ್ರವಾರ ಸಂಜೆ ತ್ಯಾಗರಾಜನಗರಕ್ಕೆ ಸ್ಕೂಟರ್ ತಿರುಗಿಸಿದಳು.

ಮೇಷ್ಟ್ರು ಅಂಗಳದ ನಲ್ಲಿಗೆ ವಾಷರ್ ಹಾಕುತ್ತಿದ್ದರು. ಅವಳ ಮಾತು ಕೇಳಿ ಸ್ಪ್ಯಾನರ್ ಹಿಡಿದೇ ನಿಂತರು.

"ರದ್ದು ಎಲ್ಲಿ ಮಾಡ್ದೆನಮ್ಮ? ಟೈಮ್ ತಿದ್ದಿಸ್ಕೊಂಡೆ, ಅಷ್ಟೆ. ಆ ಮ್ಯಾನೇಜರ್ ಎರಡು ಕಡೆ ಸೈನ್ ಹಾಕಿ ಅಂದ, ಹಾಕ್ದೆ. ಹೊಸ ರಸೀದಿ ಬಂತು. ಗುರುವಾರ, ಒಳ್ಳೇ ಹೊತ್ತು."

"ತೋರ್ಸಿ ಸರ್."

ರಸೀದಿಯ ಜೊತೆ ಬಂದಿದ್ದ ಹೊಸ ಪಾಲಿಸಿಯ ಮೊದಲ ಪುಟದಲ್ಲಿ, ಏಜೆಂಟರ ಹೆಸರಿರಬೇಕಾದ ಜಾಗದಲ್ಲಿ 'ನೇರ ಮಾರಾಟ' ಅಂತಿತ್ತು. ಅವಳು ಮೂರು ಸಂಜೆ ಕೂತು ವಿವರಿಸಿದ ಪಾಲಿಸಿ, ಅದೇ ಆರು ಲಕ್ಷ, ಅದೇ ಮೇಷ್ಟ್ರು. ಮಧ್ಯದಿಂದ ಅವಳೊಬ್ಬಳು ಮಾಯ. ಶಾಖೆಯ ನೇರ ಮಾರಾಟದ ಟಾರ್ಗೆಟ್ಟಿಗೆ ಮಾತ್ರ ಆರು ಲಕ್ಷ ಜಮೆ.

ಬಾಗಿಲಲ್ಲಿ ನಿಂತಿದ್ದ ಮೇಷ್ಟ್ರ ಹೆಂಡತಿ ಕಾವೇರಮ್ಮ ತಡೆದುಕೊಳ್ಳಲಿಲ್ಲ. "ಪಾಲಿಸೀನ ಕೆಂಪು ಪೆನ್ ಹಿಡ್ದು ಓದಿದ್ರಿ, ಸೈನ್ ಹಾಕೋ ಕಾಗದ ಮಾತ್ರ ಓದ್ಲಿಲ್ಲ. ನಿಮ್ ರಾಹು ನಿಮ್ಮನ್ನ ಬಿಟ್ಟು ಈ ಹುಡುಗಿ ಹೊಟ್ಟೆ ಮೇಲೆ ಕೂತ!"

"ಸ್ವಲ್ಪ ಸುಮ್ನಿರೆ," ಅಂದರು ಮೇಷ್ಟ್ರು. ಆದರೆ ಅವರ ಮುಖ ಇಳಿದುಹೋಗಿತ್ತು. "ಆ ಹನ್ನೆರಡು ಸಾವಿರ ನಾನು ಕೊಟ್ಬಿಡ್ತೀನಮ್ಮ."

"ಬೇಡ ಸರ್. ನಿಮ್ಹತ್ರ ಇಸ್ಕೊಂಡ್ರೆ ನಾನು ತಪ್ಪು ಮಾಡಿದ್ದು ನಿಜ ಅಂತಾಗತ್ತೆ. ನಾನು ಸುಳ್ಳು ಹೇಳಿದೀನಾ ನಿಮಗೆ? ಅದೊಂದು ಹೇಳಿ ಸಾಕು."

"ನಾಳೆ ಬರ್ತೀನಿ, ಅಲ್ಲೇ ಹೇಳ್ತೀನಿ."

ಶನಿವಾರ ಶಾಖೆಯಲ್ಲಿ ಗೌರೀಶ ಮೇಷ್ಟ್ರಿಗೆ ಎದ್ದು ಕುರ್ಚಿ ಕೊಟ್ಟ, ಕಾಫಿ ತರಿಸಿದ. ಶಿವಕುಮಾರಿ ನಿಂತೇ ಇದ್ದಳು. ಮೇಷ್ಟ್ರು ಕಾಫಿ ಮುಟ್ಟಲಿಲ್ಲ.

"ಹೊಸ ಪಾಲಿಸಿ ವಾಪಸು ಮಾಡೋಕೂ ಮೂವತ್ತು ದಿನ ಟೈಮಿದೆ ಅಲ್ವೇನಪ್ಪ?"

ಗೌರೀಶನ ನಗು ನಿಂತಿತು. "ಯಾಕ್ ಸರ್? ಈಗ ಟೈಮ್ ಸರಿಯಾಗಿದ್ಯಲ್ಲ?"

"ಟೈಮ್ ಸರಿಯಾಗಿದೆ, ಹೆಸರು ಸರಿಯಿಲ್ಲ. ಈಕೆ ಹೆಸರಲ್ಲಿದ್ರೆ ನನಗೆ ಪಾಲಿಸಿ ಬೇಕು, ಇಲ್ದಿದ್ರೆ ನನ್ನ ಆರು ಲಕ್ಷ ವಾಪಸು ಕೊಡಿ. ಕಾರಣ ನಾನೇ ಹೇಳ್ತೀನಿ, ಬರ್ಕೊಳ್ಳಿ. ಶಾಖೆಯಿಂದ ತಪ್ಪು ಮಾಹಿತಿ."

ಗೌರೀಶ ಯಾರಿಗೋ ಫೋನ್ ಮಾಡಿದ. ಏನೇನೋ ಒತ್ತಿದ. ಪ್ರಿಂಟರ್ ಸದ್ದು ಮಾಡಿತು. ಹೊಸ ಪಾಲಿಸಿಗೆ ಶಿವಕುಮಾರಿಯ ಏಜೆಂಟ್ ಕೋಡ್ ಬಂತು. ವಸೂಲಿಯಾದದ್ದು ಮುಂದಿನ ತಿಂಗಳು ತಾನಾಗಿ ಸರಿಹೋಗುತ್ತದಂತೆ. ಗೋಡೆಯ ಗಡಿಯಾರ ನೋಡಿದಳು. ಎಂಟು ನಿಮಿಷ. ನಾಲ್ಕು ದಿನ ತನ್ನ ಕೈಲಿಲ್ಲ ಅಂತ ಗೌರೀಶ ಹೇಳಿದ್ದ ಸಿಸ್ಟಂ, ಗಿರಾಕಿ ಎದುರು ಕೂತ ಎಂಟೇ ನಿಮಿಷಕ್ಕೆ ಬಗ್ಗಿತ್ತು. ಅವಳಿಗೆ ಸಮಾಧಾನವಾಗಲಿಲ್ಲ, ಸಿಟ್ಟು ಇಮ್ಮಡಿಯಾಯಿತು. ಮೇಷ್ಟ್ರಂಥ ಗಿರಾಕಿ ಇಲ್ಲದ ಏಜೆಂಟರು ಎಷ್ಟು ಜನ ಈ ಮೆಟ್ಟಿಲನ್ನು ಸುಮ್ಮನೆ ಇಳಿದುಹೋಗಿದ್ದಾರೋ.

"ಎಲ್ಲ ಸರಿಹೋಯ್ತಲ್ಲ, ಈಗ ಖುಷಿನಾ ಮೇಡಂ?" ಅಂದ ಗೌರೀಶ.

"ದುಡ್ಡು ಸರಿಹೋಯ್ತು." ಶಿವಕುಮಾರಿ ಕುರ್ಚಿ ಎಳೆದುಕೊಂಡು ಅವನೆದುರು ಕೂತಳು. "ಆ ಎರಡು ಪದ ಇನ್ನೂ ನನ್ನ ಹೆಸರಿನ ಮುಂದೆ ಇದೆ. ಅದನ್ನ ತೆಗೆದಿದೀವಿ ಅಂತ ಕಂಪನಿ ಕಾಗದದಲ್ಲಿ ಬರೆದು, ಸೀಲ್ ಹಾಕಿ ಕೊಡಿ. ಅಲ್ಲೀವರೆಗೂ ನಾನು ಏಳಲ್ಲ."